ಎಂಬತ್ತು ಗ್ರಾಮು

ಮಧ್ಯಾಹ್ನ ಎರಡಕ್ಕೇ ಕತ್ತಲಿಳಿಯುವ ತಿಂಗಳು.
ಬೋತ್ನಿಯಾ ಕೊಲ್ಲಿಯ ನೀರು ಗಟ್ಟಿಯಾಗಿ ವಾರವಾಯಿತು.
ಬಾಗಿಲಲ್ಲಿ ಬೂಟಿನ ಹಿಮ ಕೊಡವಿ
ರೈಮೊ ಒಳಗೆ ಬಂದ,
ಟೊಪ್ಪಿ ತೆಗೆದು ಎದೆಗೆ ಹಿಡಿದು
ಇಗರ್ಜಿಗೆ ಬಂದವನ ಹಾಗೆ.

ಮೂರನೇ ಕಂಪ್ಯೂಟರಿಗೆ ಅವನ ಹೆಸರು ಬರೆದೆ.
ಒಬ್ಬರಿಗೆ ಒಂದು ತಾಸು,
ಹಿಂದೆ ಯಾರೂ ಕಾಯದಿದ್ದರೆ ಇನ್ನರ್ಧ.
ಈ ಚಳಿಗಾಲ ಯಾರಾದರೂ ಕಾಯುತ್ತಲೇ ಇರುತ್ತಾರೆ.

ಕಾಗದದ ಕಾರ್ಖಾನೆ ನಿಂತದ್ದು ಸೆಪ್ಟೆಂಬರಿನಲ್ಲಿ.
ಅಲ್ಲಿಯತನಕ ಊರಿಗೆಲ್ಲ ಕೊಳೆತ ಮೊಟ್ಟೆಯ ನಾತ.
ಬಂದ ನೆಂಟರು ಮೂಗು ಮುಚ್ಚಿದರೆ ನಮ್ಮಮ್ಮ
"ಅದು ರೊಟ್ಟಿಯ ವಾಸನೆ, ಎಳೆದುಕೊಳ್ಳಿ" ಅನ್ನುತ್ತಿದ್ದಳು.
ಈಗ ಗಾಳಿ ಚೊಕ್ಕಟ.
ಒಣಹಾಕಿದ ಬಟ್ಟೆ ಮೂಸಿದರೆ ಏನೂ ಇಲ್ಲ.

ನಿಮ್ಮ ವೃತ್ತಿ ಆಯ್ದುಕೊಳ್ಳಿ, ಎನ್ನುತ್ತದೆ ಪರದೆ.
ಪಟ್ಟಿ ಇಳಿಯುತ್ತದೆ, ಇಳಿಯುತ್ತಲೇ ಇರುತ್ತದೆ,
ನೀರು ಮುಟ್ಟದ ಬಾವಿಹಗ್ಗ.
"ಒದ್ದೆ ತುದಿಯವನು ನಾನು," ಅಂದ ನನ್ನ ಕಡೆ ತಿರುಗಿ,
"ಎರಡನೇ ಯಂತ್ರ. ಮೂವತ್ತೊಂದು ವರ್ಷ.
ತಿಳಿ ಗಂಜಿಯಂಥದ್ದು ಜಾಲರಿ ಮೇಲೆ ಬಿದ್ದು
ಹಾಳೆಯಾಗೋ ಜಾಗ.
ಅದು ಇಲ್ಲಿ ಯಾವುದರಡಿ ಬರುತ್ತೆ?"
ಮಾಹಿತಿ ಎಂಬ ಫಲಕದ ಕೆಳಗೆ ಕೂತವಳು ನಾನು.
"ಇತರೆ ಅಂತ ಒತ್ತಿ," ಅಂದೆ.

ಇತರೆ.
ಆ ಪದವನ್ನು ಅವನು ಸ್ವಲ್ಪ ಹೊತ್ತು ನೋಡಿದ.

ಪಾಸ್‌ವರ್ಡ್ ದುರ್ಬಲ, ಎಂದು ಕೆಂಪಕ್ಷರ ಬಂತು.
ದೋಣಿಯ ಹೆಸರು ಸಾಲಲಿಲ್ಲ, ಸತ್ತ ನಾಯಿಯ ಹೆಸರೂ.
ನಾಲ್ಕನೇ ಕಂಪ್ಯೂಟರಿನಿಂದ ಇಫ್ರಾ ಕುರ್ಚಿ ಜಾರಿಸಿ ಬಂದಳು,
ಮೊಗದಿಶುವಿನಲ್ಲಿ ಹುಟ್ಟಿ ಇಲ್ಲಿ ಆರನೇ ಹಿಮ ಕಾಣುತ್ತಿರುವವಳು.
"ಕೊನೆಗೊಂದು ಆಶ್ಚರ್ಯಚಿಹ್ನೆ ಹಾಕಿ, ಅಜ್ಜ."
"ಅಜ್ಜನಾ! ನನಗಿನ್ನೂ ಐವತ್ತನಾಲ್ಕು."
"ಅದನ್ನ ಅರ್ಜೀಲಿ ಬರೀಬೇಡಿ."

ಅವಳ ಕೈಯಲ್ಲೂ ಒಂದು ಕಾಗದ.
ದಾದಿ ತರಬೇತಿಯದು, ಬೆಳಗಿನಿಂದ ಮಡಿಚಿ ಮಡಿಚಿ ಸವೆದದ್ದು.
ಅದರಲ್ಲೊಂದು ಪದ ಅರ್ಧ ಸಾಲಿನುದ್ದ,
ನಮ್ಮ ಭಾಷೆಯ ಗೂಡ್ಸ್ ರೈಲು.
ರೈಮೊ ಬೋಗಿ ಬೋಗಿಯಾಗಿ ಕಳಚಿ ತೋರಿಸಿದ.
ಕೊನೇ ಬೋಗಿಯಲ್ಲಿ "ಇಲ್ಲ" ಇತ್ತು.
ಅಷ್ಟನ್ನೇ ಓದಿಕೊಂಡು ಮುಖ ಬಾಡಿಸಿಕೊಂಡಿದ್ದಳು ಹುಡುಗಿ;
ಇಲ್ಲ ಎಂದದ್ದು ಶುಲ್ಕಕ್ಕೆ.

ಆಮೇಲೆ ಅವನು ಪರದೆ ಬಿಟ್ಟು ಕಪಾಟಿಗೆ ಹೋದ.
ಶಾಲೆ ಮಕ್ಕಳಿಗೆಂದು ಎಂದೋ ಅಚ್ಚಾದ ವೃತ್ತಿ ಕೈಪಿಡಿ
ಅಲ್ಲೇ ಇದೆ, ಬೆನ್ನು ಬಿಸಿಲಿಗೆ ಬಿಳಿಚಿ.
ವಿಲೇವಾರಿ ಪಟ್ಟಿಗೆ ಅದು ಸೇರಿ ಮೂರು ವರ್ಷ,
ಮೂರು ವರ್ಷದಿಂದ ಮರೆತವಳ ಹಾಗೆ ಇದ್ದೇನೆ.
ಪುಟ ನೂರಾ ಹನ್ನೆರಡು: ಕಾಗದ ಯಂತ್ರ ಚಾಲಕ.
ಹೆಲ್ಮೆಟ್ಟಿನ ನಗುಮುಖ. ಮುಂದಿನ ಬೇಡಿಕೆ: ಸ್ಥಿರ.
ರೈಮೊ ಅದನ್ನು ಓದಲೇ ಇಲ್ಲ.
ಕಣ್ಣು ಮುಚ್ಚಿ, ಪುಟದ ಮೂಲೆಯನ್ನು
ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ
"ಎಂಬತ್ತು ಗ್ರಾಮು," ಅಂದ. "ನಮ್ಮದೇ."

ಮೂವತ್ತೊಂದು ವರ್ಷ ಎರಡು ಸಾಲಾಯಿತು.
ಕೆಲಸ ಬಿಟ್ಟ ಕಾರಣ ಎಂಬಲ್ಲಿ ಖಾಲಿ ಬಿಟ್ಟ.
ಮುದ್ರಿಸು ಒತ್ತಿದರೆ ಪ್ರಿಂಟರು ಗಂಟಲು ಕಟ್ಟಿ ನಿಂತಿತು.
ನಾನು ಎಂದಿನಂತೆ ಅದರ ಪಕ್ಕೆಗೆ ಎರಡು ಗುದ್ದಿದೆ.

"ಹೊಡೀಬೇಡಿ. ಕಟ್ಟನ್ನ ಹೀಟರಿನ ಪಕ್ಕ ಇಟ್ಟಿದ್ದೀರಿ,
ಅದಕ್ಕೆ ಬಾಯಾರಿದೆ."
ಇಡೀ ಕಟ್ಟನ್ನು ಎತ್ತಿ ಬಾಗಿಸಿ, ಅಂಚಿಗೆ ಗಾಳಿ ಬಿಟ್ಟು,
ಮೇಜಿನ ಮೇಲೆ ಮೆಲ್ಲಗೆ ತಟ್ಟಿದ,
ಹಾಲು ಕುಡಿದ ಮಗುವನ್ನು ತೇಗಿಸುವ ಹಾಗೆ.
ಬಿಚ್ಚಿ ಬಿದ್ದ ಹೊದಿಕೆಯ ಮೇಲೆ ಬೇರೆ ಖಂಡದ ಹೆಸರು.
ಓದಿದ.
ಒಂದು ಹಾಳೆ ದೀಪಕ್ಕೆ ಹಿಡಿದು ನೋಡಿದ.
"ಒಳ್ಳೇದಿದೆ," ಅಂದ, "ಮಾಡಿದವರಿಗೆ ಕೆಲಸ ಗೊತ್ತು."

ಪುಟ ಬೆಚ್ಚಗೆ ಬಂತು. ಇಪ್ಪತ್ತು ಸೆಂಟು ಎಣಿಸಿಕೊಟ್ಟ.
"ನಾಳೆಗೂ ಹೆಸರು ಬರೀಲಾ?"
"ಬರೀರಿ. ಮೂರನೇದೇ ಇರಲಿ,
ಆ ಕುರ್ಚಿ ಬೆನ್ನಿಗೆ ಒಗ್ಗಿದೆ."

ಬಾಗಿಲಲ್ಲಿ ಎಸ್ಕೊ ಬೂಟು ಕೊಡವುತ್ತಿದ್ದ.
ಅದೇ ಯಂತ್ರ, ಒಣ ತುದಿಯವನು.
ಒಂದೇ ಹಾಳೆಯ ಆಚೆ ಈಚೆ ಇದ್ದವರು
ಇಕ್ಕಟ್ಟಾದ ಬಾಗಿಲಲ್ಲಿ ತಲೆಯಾಡಿಸಿ ಸರಿದುಕೊಂಡರು.