ಅದೇ, ಪುಟ ನಲವತ್ತೊಂದು

ಹಾಸನದ ಬಸ್‌ಸ್ಟ್ಯಾಂಡಿನ ಹಿಂದುಗಡೆ, ಮಹಡಿ ಮೆಟ್ಟಿಲ ಕೆಳಗೆ
ಲ್ಯಾಮಿನೇಷನ್, ಪಾನ್ ಕಾರ್ಡ್, ಪಹಣಿ, ಪ್ರಬಂಧ
ಎಂದು ಬರೆದ ಬೋರ್ಡಿನ ಅಂಗಡಿಯಲ್ಲಿ
ನನ್ನ ಆರು ವರ್ಷ
ಶೇಕಡಾ ನಲವತ್ತಕ್ಕೆ ಬಂದು ನಿಂತುಬಿಟ್ಟಿದೆ.

ಹಸಿರು ಪಟ್ಟಿ ಅಲ್ಲಾಡುವುದಿಲ್ಲ.
"ಬರುತ್ತೆ ಬಿಡಿ ಅಕ್ಕ," ಅನ್ನುತ್ತಾಳೆ ಜಬೀನ,
"ನೂರಾ ಎಂಬತ್ತೇಳು ಉಲ್ಲೇಖ ಅಂದ್ರೆ ಸುಮ್ನೇನಾ,
ದಿಬ್ಬಣದೋರು ಬಸ್ ಹತ್ತಿದ ಹಾಗೆ,
ಒಬ್ಬರು ಹತ್ತಿದ್ರೆ ಇನ್ನೊಬ್ಬರು ಚಪ್ಪಲಿ ಹುಡುಕ್ತಾರೆ."
ಮೌಸಿನ ಮೇಲೆ ಅವಳ ಕೈ ಸುಮ್ಮನೆ ಕೂತಿದೆ,
ಕಾವಿಗೆ ಕೂತ ಕೋಳಿಯಂತೆ.

ಟೀ ಬಂತು, ಕುಡಿದೆವು. ಕರೆಂಟು ಕಣ್ಣು ಹೊಡೆಯಿತು,
ಹೋಗಲಿಲ್ಲ.
ಆಮೇಲೆ ತಟಕ್ಕನೆ ಎಲ್ಲ ಇಳಿದವು
ಬಿಳಿ ಹಾಳೆಗೆ, ಒಟ್ಟಿಗೆ, ಮೂಟೆ ಬಿಚ್ಚಿದ ಹಾಗೆ.

ನಾನು ಎಳೆದಿದ್ದ ಹಳದಿ ಗೀರುಗಳು ಬಂದಿಲ್ಲ.
ಅರ್ಕಾವತ್ತು ಒಂದು ಮನೆ ಆಚೆಗೆ ಜಾರಿ
ಕಾರ್ಮಿಕರೆಲ್ಲ ಕಾಮಿರ್ಕರು,
ವರ್ಷವೆಲ್ಲ ವಷರ್.
"ಫಾಂಟ್ ಬದಲಾದಾಗ ಹೀಗೇ," ಅಂದಳು. ತಿದ್ದತೊಡಗಿದಳು.
ಅವಳು ತಿದ್ದುತ್ತ ಓದುತ್ತಾಳೆ, ತುಟಿ ಅಲ್ಲಾಡುತ್ತದೆ.
ನನ್ನ ಗೈಡ್ ಕೂಡ ಇಷ್ಟು ನಿಧಾನವಾಗಿ ಓದಿಲ್ಲ.

ಆಕರಸೂಚಿಯಲ್ಲಿ ಮೊದಲು ಮನೆತನದ ಹೆಸರು, ಆಮೇಲೆ ಅಲ್ಪವಿರಾಮ.
ಆ ಚೌಕವನ್ನು ಖಾಲಿ ಬಿಟ್ಟರೆ ಯಂತ್ರ ಒಪ್ಪುವುದಿಲ್ಲ.
ಹಾಗಾಗಿ ಅವತ್ತು ಊರನ್ನೇ ತುಂಬಿದ್ದೆ:
ದುದ್ದ, ಚಿಕ್ಕತಾಯಮ್ಮ. ದಿನಾಂಕವಿಲ್ಲ.

ಹುಟ್ಟಿದ ವರ್ಷ ಕೇಳಿದ್ದೆ.
"ನಮ್ಮಪ್ಪ ಗಂಗಾಳ ಒತ್ತೆ ಇಟ್ಟ ವರ್ಸ" ಅಂದಿದ್ದರು.
ಅದಕ್ಕೆ ಚೌಕವಿಲ್ಲ.

ಮಾರ್ಕೆಟ್ಟಿನ ಶೆಡ್ಡು. ಜಲಂಧರದ ಲಾರಿ ಬಂದ ಮಾರನೆಯ ದಿನ.
ಗೋಣಿಯ ಮೇಲೆ ಕೂತು ಬೀಜದ ಆಲೂಗೆಡ್ಡೆ ಆಯುತ್ತ
ನನ್ನ ಮುಖ ನೋಡದೆ ಮಾತಾಡಿದ್ದರು:
"ಕೊಳ್ತಿದ್ದು ಕೈಗೇ ಮೊದ್ಲು ಗೊತ್ತಾಯ್ತದೆ ಕಣವ್ವ,
ಮೂಗಿಗೆ ಆಮೇಲೆ.
ಒಂದ ಬಿಟ್ರೆ ಚೀಲ್ವೇ ಹೋಯ್ತದೆ.
ನಿನ್ನ ಪುಸ್ತಕದಾಗೆ ನಾನೆಲ್ಲಿರ್ತೀನಿ?
ಆದ್ಮೇಲೆ ತೋರ್ಸು, ಓದಕ್ ಬರಲ್ಲ, ನೋಡ್ತೀನಿ."

ಮಧ್ಯಾಹ್ನವಿಡೀ ನನ್ನ ಜೊತೆ ಕೂತರು.
ಮೇಸ್ತ್ರಿ ಅರ್ಧ ದಿನದ ಲೆಕ್ಕ ಹೊಡೆದು ಹಾಕಿದ.

ಈಗ ಪುಟ ನಲವತ್ತೊಂದರ ಬುಡದಲ್ಲಿ
ಐವತ್ತೆಂಟು: ದುದ್ದ, ಚಿಕ್ಕತಾಯಮ್ಮ, ಸಂದರ್ಶನ.
ಐವತ್ತೊಂಬತ್ತು: ಅದೇ.
ಅರವತ್ತು: ಅದೇ.
ಅರವತ್ತೊಂದು: ಅದೇ.
ಒಂದೇ ಆಕರಕ್ಕೆ ಜೋತುಬಿದ್ದಿದ್ದೀರಿ, ಅನ್ನುತ್ತಾರೆ ಮೇಡಂ, ಗೊತ್ತು.

ಜಬೀನಳ ತುಟಿ ನಿಂತಿತು.
"ಅಕ್ಕ, ಇದೂ ಬೇಕಾ?"

ಅರವತ್ತೆರಡು: ಚಿ. ತಾ. ಅವರಿಗೆ ಮುನ್ನೂರು ರೂ. ಕೊಡಬೇಕು,
ಕೂಲಿ ತಪ್ಪಿದ್ದಕ್ಕೆ. ನಾಳೆ ಮರೆಯದೆ.

ನನಗೆಂದೇ ಬರೆದುಕೊಂಡದ್ದು. ನಾಲ್ಕು ವರ್ಷದ ಹಿಂದಿನ ನಾಳೆ.
ಯಂತ್ರಕ್ಕೇನು ಗೊತ್ತು,
ಮನೆ ಮಾತು ಯಾವುದು, ಸಭೆ ಮಾತು ಯಾವುದು.
ಕೊಟ್ಟದ್ದನ್ನೆಲ್ಲ ಹೊತ್ತು ತಂದು ನಂಬರು ಹಾಕಿದೆ,
ಸಣ್ಣ ಅಕ್ಷರದಲ್ಲಿ, ಗೆರೆಯ ಕೆಳಗೆ,
ಉಳಿದೆಲ್ಲ ಸತ್ಯಗಳ ಸಾಲಿನಲ್ಲೇ.

"ಡಿಲೀಟ್ ಮಾಡಲಾ?"
ಕರ್ಸರು ಮಿಟುಕುತ್ತಿತ್ತು.
ಪರ್ಸು ತೆಗೆದೆ: ಐನೂರರ ಒಂದು ನೋಟು, ಮೂರು ಹತ್ತು.
ಇನ್ನೂರ ಹನ್ನೆರಡು ಪುಟ, ಪುಟಕ್ಕೆ ಎರಡು ರೂಪಾಯಿ.
ಲೆಕ್ಕ ಹಾಕಿದೆ. ಎರಡೂ ಆಗುವುದಿಲ್ಲ.

"ಇವತ್ತು ಇದೊಂದೇ ತೆಗಿ," ಅಂದೆ.
"ಅರವತ್ತೆರಡರ ಸಮೇತವಾ?"
"ಸಮೇತ."

ಪ್ರಿಂಟರು ಒಮ್ಮೆ ಕೆಮ್ಮಿ ಹಾಳೆ ಕೊಟ್ಟಿತು, ಬೆಚ್ಚಗೆ.
ದುದ್ದದ ಬಸ್ಸು ಐದೂ ಮುಕ್ಕಾಲಿಗೆ.
ಬದುಕಿದ್ದಾರೋ ಇಲ್ಲವೋ, ಯಾರನ್ನು ಕೇಳಲಿ.
ಇದ್ದರೆ ಬೆರಳಿಟ್ಟು ತೋರಿಸಬೇಕು:
ಇಗೋ ಇಲ್ಲಿ, ಮತ್ತೆ ಇಲ್ಲಿ, ಇಲ್ಲೂ.
ಅದೇ ಅಂದರೆ ನೀವೇ.

"ಚಿಲ್ಲರೆ ಇಲ್ಲ ಅಕ್ಕ," ಅಂದಳು ಜಬೀನ,
"ಎರಡು ರೂಪಾಯಿ ನಾಳೆ ಕೊಡಿ."
ನಾಳೆ ಅಂದದ್ದು ಕೇಳಿ
ಬ್ಯಾಗಿನ ತಳವನ್ನೆಲ್ಲ ತಡಕಾಡಿದೆ.