ಕೋಡಿಬಾಗದಲ್ಲಿ ಪೋರ್ಚುಗೀಸ್ ಪಾಠ

ಪ್ರೊವಿನ್ಷಿಯಲ್ ಮದರ್ ಬರೆದರು: ಈಸ್ಟರ್ ಕಳೆದ ಮೇಲೆ.
ಈಸ್ಟರ್ ಕಳೆಯಿತು.
ಮತ್ತೆ ಬರೆದರು: ಮಳೆಗಾಲ ಮುಗಿಯಲಿ ಎಮ್ರೆನ್ಸಿಯಾ,
ಮೊಜಾಂಬಿಕ್ ಎಲ್ಲಿಗೂ ಓಡಿಹೋಗುವುದಿಲ್ಲ,
ಅಷ್ಟರಲ್ಲಿ ಭಾಷೆ ಕಲಿ.

ಕಾರವಾರದಲ್ಲಿ ಪೋರ್ಚುಗೀಸ್ ಕಲಿಸುವವರು ಯಾರು?
ಗೋವೆ ಕೂಗಳತೆಯಲ್ಲಿದೆ, ಆದರೆ ದಿನಾ ಬಸ್ ಚಾರ್ಜು
ಕಾನ್ವೆಂಟಿನ ಲೆಕ್ಕದ ಪುಸ್ತಕಕ್ಕೆ ಬಲು ದೂರ.
ಕೊನೆಗೆ ಸಿಕ್ಕಿದ್ದು ಪಾಸ್ಕೋಲ್ ಮಾಮ,
ಇಪ್ಪತ್ತೆರಡು ವರ್ಷ ಹಡಗಿನ ಅಡಿಗೆಯವ,
ಈಗ ಕೋಡಿಬಾಗದ ಹಿತ್ತಿಲಲ್ಲಿ
ಏಳು ಕೋಳಿಗಳ ಯಜಮಾನ.

ಪಾಠ ಮನೆಯೊಳಗಿಂದಲೇ ಶುರುವಾಯಿತು.
ಊರುಗೋಲಿನ ತುದಿಯಿಂದ ಮುಟ್ಟಿ ಮುಟ್ಟಿ:
ಮೇಜು, ಅದು ಮೇಜ. ಜನೇಲ್, ಅದು ಜನೇಲ.
ಬಾಲ್ದಿ, ಚಾವಿ, ಬಟಾಟೆ, ಪಾವು, ನಿನ್ನ ಪಗಾರ.
"ನನಗೆ ಪಗಾರವಿಲ್ಲ ಮಾಮ."
"ಇದ್ದವರದು ಅಂದುಕೊ."
ಯಾವತ್ತೋ ದೋಣಿಯಿಂದ ಇಳಿದ ಮಾತುಗಳು
ವಾಪಸಾಗುವುದ ಮರೆತು, ನಮ್ಮ ಉಪ್ಪು ತಿಂದು,
ನಮ್ಮ ಬಾವಿಯಿಂದ ನೀರು ಹೊತ್ತುಕೊಂಡಿದ್ದವು.
ಹತ್ತೇ ದಿನಕ್ಕೆ ಅರ್ಧ ಕಲಿತೆನೆಂದು ಹಿಗ್ಗಿದೆ.
ಹನ್ನೊಂದನೆಯ ದಿನ ಕ್ರಿಯಾಪದ ಬಂತು.

ನಾನು ಹೆರಿಗೆಯ ನರ್ಸು. ನನಗೆ ಬೇಕಾದದ್ದು
ಉಸಿರು ಬಿಡು, ತಿಣುಕು, ಈಗ ಬೇಡ, ತಡೆ,
ನೋಡು, ತಲೆ ಕಾಣುತ್ತಿದೆ.
ಮಾಮನ ಬಳಿ ಇದ್ದದ್ದು
ಈರುಳ್ಳಿ ಹೆಚ್ಚು, ಹಗ್ಗ ಬಿಗಿ, ಇಷ್ಟೊಂದು ದುಬಾರಿಯೆ,
ಮತ್ತು ಗೋಡೆಯ ಶಿಲುಬೆಗೆ ಬೆನ್ನು ಮಾಡಿ ಹೇಳಿಕೊಟ್ಟ
ಮೂರು ಬೈಗುಳ.
ಬರೆದುಕೊಂಡೆ. ಯಾವುದಕ್ಕೂ ಇರಲಿ.

ಒಂದು ಸಂಜೆ ಹೇಳಿದ: ಎಸ್ಪೆರಾರ್.
ಕಾಯುವುದು ಅಂತಲೂ ಹೌದು,
ಆಸೆ ಇಟ್ಟುಕೊಳ್ಳುವುದು ಅಂತಲೂ ಹೌದು.
ಧಕ್ಕೆಯ ಮೇಲೆ ಕೂತವರು ಎರಡರಲ್ಲಿ ಯಾವುದ ಮಾಡುತ್ತಿದ್ದಾರೆಂದು
ಯಾರೂ ಕೇಳುವುದಿಲ್ಲ ಬಾಯ್.
ನಾನೂ ಬಿಟ್ಟುಕೊಡಲಿಲ್ಲ:
ಕನ್ನಡದಲ್ಲಿ ಹಂಡೆಯ ನೀರೂ ಕಾಯುತ್ತದೆ ಮಾಮ,
ಹಂದಿ ನುಗ್ಗದಂತೆ ರಾತ್ರಿಯಿಡೀ ಗದ್ದೆ ಕಾಯುತ್ತಾರೆ,
ದೇವರು ನಮ್ಮನ್ನು ಕಾಯುತ್ತಾನೆ,
ನಾವು ಅಂಕೋಲೆಯ ಬಸ್ಸನ್ನು ಕಾಯುತ್ತೇವೆ.
ಮಾಮ ಬೀಡಿ ಆರಿಸಿ ಕೇಳಿದ,
"ನೀನು ಯಾವುದು? ನೀರೋ, ಬಸ್ಸಿನವಳೋ?"
ಕಾಳಿಯ ಮೇಲಿಂದ ಮಳೆ ಬಂತು. ಕೋಳಿ ಕೂಡಲು ಎದ್ದೆವು.

ವೀಸಾ ಅರ್ಜಿ ಎರಡು ಸಲ ಹಿಂದೆ ಬಂತು,
ಒಮ್ಮೆ ಫೋಟೋದಲ್ಲಿ ಕಿವಿ ಕಾಣುವುದಿಲ್ಲವೆಂದು.
ತಲೆವಸ್ತ್ರ ಸರಿಸಿ ಮತ್ತೆ ತೆಗೆಸಿದೆ.
ಇಪ್ಪತ್ತು ವರ್ಷದ ಮೇಲೆ ನನ್ನ ಕಿವಿ ನೋಡಿದೆ:
ಅಮ್ಮನದೇ, ಓಲೆಯ ತೂತು ಮಾತ್ರ ಮುಚ್ಚಿದೆ.

ಆ ದಿನ ಮಾಮ ತೋಳು ಮೇಲಕ್ಕೆ ಮಡಚಿದ.
ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ
ಸುಟ್ಟ ಹಪ್ಪಳ. ಬೈರಾ ಬಂದರು, ಕುದಿಯುವ ಎಣ್ಣೆ.
ಆಸ್ಪತ್ರೆಯಲ್ಲಿ ನಿದ್ದೆಗೆಟ್ಟ ಕಣ್ಣಿನ ಒಬ್ಬ ಹೆಂಗಸು
ಬಗ್ಗಿ ಕೇಳಿದಳಂತೆ: ಓಂದೆ ದೊಯ್?
ಎಲ್ಲಿ ನೋವು?
ಬೆಂದ ಕೈ ಎದುರಿಗೇ ಇದೆ, ಆದರೂ ಕೇಳಿದಳು.
"ನಾನು ಗೋಡೆಯ ಕಡೆ ತೋರಿಸಿದೆ,
ಊರು ಅತ್ತ ಇರಬಹುದೆಂದು.
ಆಮೇಲೆ ಗೊತ್ತಾಯ್ತು, ದಿಕ್ಕು ತಪ್ಪಿತ್ತು."
ನಕ್ಕ. ಆಸ್ಪತ್ರೆಯದು ಅಂತ
ಅವನ ಹತ್ತಿರ ಇದ್ದದ್ದು ಇದೊಂದೇ ವಾಕ್ಯ.

ನಿನ್ನೆ ಡಿಸ್ಪೆನ್ಸರಿಗೆ ಒಬ್ಬ ಹುಡುಗಿ ಬಂದಳು,
ಬೈತಖೋಲದಲ್ಲಿ ಸಿಗಡಿ ಸುಲಿಯುವವಳು,
ಜಾರ್ಖಂಡಿನ ಯಾವುದೋ ಗುಡ್ಡದವಳು, ಏಳು ತಿಂಗಳು.
ಕನ್ನಡ ಕೇಳಿ ಕಣ್ಣು ಮಿಟುಕಿಸಿದಳು. ಕೊಂಕಣಿಗೂ ಅಷ್ಟೆ.
ನನ್ನ ಹರಕು ಹಿಂದಿಗೆ ಸುಮ್ಮನೆ ಬೆವರಿದಳು.
ಏನು ತೋಚದೆ ಬಾಯಿಂದ ಜಾರಿತು:
ಓಂದೆ ದೊಯ್?

ಅವಳು ನನ್ನ ಕೈ ಹಿಡಿದು
ಎಡ ಪಕ್ಕೆಲುಬಿನ ಕೆಳಗೆ ಇಟ್ಟಳು.
ಬೆರಳಲ್ಲಿನ್ನೂ ಸಿಗಡಿಯ ವಾಸನೆ.
ಒಳಗಿನದು ಎರಡು ಸಲ ಒದೆಯಿತು.

ಹೊರಗೆ ಅಂಚೆಯವನ ಸೈಕಲ್ ಬೆಲ್ಲು.
ಕೈ ತೆಗೆಯಲಿಲ್ಲ.
ಒಲೆಯ ಮೇಲೆ ನೀರಿಟ್ಟಿದ್ದೆ,
ಅದಿನ್ನೂ ಕಾಯುತ್ತಿತ್ತು.