ಪಾಪಿ

ಹದಿಮೂರು ವರ್ಷದ ಪಾಪಿಯಾದೆ ನಾನು.
ಇಲ್ಲಿ ಅದು ಹೂವಿನ ಹೆಸರು,
ತರಗತಿಗೆ ಇಬ್ಬರಾದರೂ ಇರುತ್ತಾರೆ.
ಮುಖದ ಜಾಗಕ್ಕೆ ಪಕ್ಕದ ಮನೆಯ ನಾಯಿ.

ಮೇದಿನಿ ಒಂದೇ ದಿನಕ್ಕೆ ಗೆಳತಿಯಾದಳು.
ಜೀಲಾಂಗಿನ ಆಸ್ಪತ್ರೆಯ ಲಾಂಡ್ರಿಯಲ್ಲಿ
ರಾತ್ರಿ ಪಾಳಿಯ ಹತ್ತು ನಿಮಿಷದ ಬಿಡುವು,
ಬಿಸಿ ಹೊದಿಕೆಗಳ ಗುಡ್ಡಕ್ಕೆ ಒರಗಿ
ಮಗಳ ಬಾಯಿ ಬಿಡಿಸುತ್ತಿದ್ದೆ:
ಯಾರವನು, ಆ ಕೆಂಪು ಟೋಪಿಯವನು?
ಫೋಟೋ ಕೇಳಿದನಾ? ಕೊಟ್ಟೆಯಾ?

ಅವಳು ಹೇಳಿದ್ದು ಬೇರೆ.
ಗಣಿತದಲ್ಲಿ ಗೋತಾ ಹೊಡೆದದ್ದು,
ಬಸ್ ನಿಲ್ದಾಣದಲ್ಲಿ ಮ್ಯಾಗ್‌ಪೈ ನೆತ್ತಿ ಕುಕ್ಕಿದ್ದು,
ಅಮ್ಮ ನಿದ್ದೆಯಲ್ಲೂ
ಬೆಡ್‌ಶೀಟ್ ಎಣಿಸುವುದು.

ನನಗೇ ಗೊತ್ತಿರದ ನನ್ನ ಸುದ್ದಿ!
ನಿನ್ನಮ್ಮ ಕೆಟ್ಟವಳಾ, ಕೇಳಿಬಿಟ್ಟೆ.
ಮೂರು ಚುಕ್ಕಿ ಕುಣಿದವು, ನಿಂತವು,
ಮತ್ತೆ ಕುಣಿದವು.

ಬಂತು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ:
'ಪಾಪಿ, ಫ್ರಿಜ್ಜಿನಲ್ಲಿ ಸಾರಿದೆ,
ಬಂದವಳೇ ಬಿದ್ದುಕೊಳ್ಳಬೇಡ, ಉಂಡು ಮಲಗು.
ಟೋಪಿಯವನು ಬರೀ ಕ್ರಿಕೆಟ್ ಮಾತಾಡ್ತಾನೆ, ಬೋರು.
ಆಮೇಲೆ, ನಾಯಿ ಫೋಟೋ ಬದಲಾಯಿಸು.
ಆ ಹರಿದ ಕಿವಿ
ಇಡೀ ಬೀದಿಗೆ ಗೊತ್ತು.'

ಒಗೆಯುವ ಯಂತ್ರ ಕೂಗಿಕೊಂಡಿತು.
ನನ್ನ ಮೂರು ಚುಕ್ಕಿ
ಅವಳಿಗೆಷ್ಟು ಹೊತ್ತು ಕಂಡವೋ.